ಸಾಧುವಾದ ನಾಯಿಯು ಇದ್ದಕ್ಕಿದ್ದಂತೆ ಮಾತು ಕೇಳದಿದ್ದರೆ

ಮನೆ, ಕಣ, ತೋಟ, ಕುರಿಹಟ್ಟಿಗಳ ಕಾವಲಿಗಾಗಿ ನಾಯಿಯನ್ನು ಸಾಕುವುದು ನಮ್ಮ ರೈತರಲ್ಲಿ ಹಿಂದಿನಿಂದಲೂ ನಡೆದು ಬಂದಿರುವ ರೂಢಿ. ಇಂತಹ ನಾಯಿಯು ನಾಲ್ಕೈದು ವರ್ಷಗಳ ಕಾಲ ಕರೆದರೆ ಬಂದು, ಗದರಿದರೆ ಸುಮ್ಮನಾಗಿ, ದನಕರುಗಳೊಡನೆಯೂ ಮಕ್ಕಳೊಡನೆಯೂ ಸಾಧುವಾಗಿದ್ದು, ಒಂದು ದಿನ ಕರೆದರೂ ಬಾರದೆ, ಮುಟ್ಟಹೋದರೆ ಗುರುಗುಟ್ಟುವುದುಂಟು. ಇದನ್ನು ಕೊಬ್ಬೆಂದೆಣಿಸಿ ದೊಣ್ಣೆಯನ್ನು ಕೈಗೆತ್ತಿಕೊಳ್ಳುವವರೇ ಹಲವರು. ಆದರೆ ಮರಿಯಾಗಿದ್ದಾಗ ಕಲಿತು ವರ್ಷಗಟ್ಟಲೆ ನಡೆಸಿಕೊಂಡು ಬಂದ ಅಭ್ಯಾಸವನ್ನು ಬೆಳೆದ ನಾಯಿಯು ಕಾರಣವಿಲ್ಲದೆ ಒಂದೆರಡು ದಿನಗಳಲ್ಲಿ ಬಿಡುವುದು ಅಪರೂಪ. ಆದಕಾರಣ ಇಂತಹ ಬದಲಾವಣೆಯನ್ನು ಮೊದಲು ರೋಗದ ಲಕ್ಷಣವೆಂದೇ ಭಾವಿಸಿ ವಿಚಾರಿಸತಕ್ಕದ್ದು. ಅಪರಾಧವೆಂದು ತಿಳಿದು ದಂಡಿಸತಕ್ಕದ್ದಲ್ಲ.

1. ಹುಚ್ಚು ರೋಗ

ಮೊಟ್ಟಮೊದಲು ಮನಸ್ಸಿಗೆ ತಂದುಕೊಳ್ಳಬೇಕಾದುದು ರೇಬೀಸ್ ಎಂಬ ಹುಚ್ಚು ರೋಗ. ಸ್ವಭಾವದ ಬದಲಾವಣೆಯೇ ಅನೇಕ ವೇಳೆ ಇದರ ಪ್ರಥಮ ಚಿಹ್ನೆ. ಸಲಿಗೆಯ ನಾಯಿಯು ಕತ್ತಲೆಯ ಮೂಲೆಯನ್ನು ಸೇರುತ್ತದೆ. ಅಂಜುವ ನಾಯಿಯು ಮಿತಿಮೀರಿ ಮೈಮೇಲೆ ಬೀಳುತ್ತದೆ. ಬಳಿಕ ಕೆಣಕದಿದ್ದರೂ ಕಚ್ಚುವುದು, ಮಣ್ಣು ಕಡ್ಡಿಗಳನ್ನು ತಿನ್ನುವುದು, ಬೊಗಳುವ ದನಿಯು ಒಡೆಯುವುದು, ಗೊತ್ತುಗುರಿಯಿಲ್ಲದೆ ಓಡುವುದು ಕಂಡುಬರುತ್ತವೆ. ಕೆಲವು ನಾಯಿಗಳಲ್ಲಿ ಈ ಉಗ್ರತೆಯೇ ಇರುವುದಿಲ್ಲ. ಅವು ಮಂಕಾಗಿ, ಕೆಳದವಡೆಯು ಜೋತುಬಿದ್ದು, ಜೊಲ್ಲು ಸುರಿಸುತ್ತ, ನುಂಗಲಾರದೆ ಇರುತ್ತವೆ. ಗಂಟಲಲ್ಲಿ ಮೂಳೆ ಸಿಕ್ಕಿದೆಯೆಂದು ಇಂತಹ ನಾಯಿಯ ಬಾಯಿಯೊಳಕ್ಕೆ ಕೈಹಾಕುವುದು ಪ್ರಾಣಾಪಾಯಕರ. ಹುಚ್ಚು ನಾಯಿಯು ನೀರನ್ನು ಕಂಡರೆ ಹೆದರುತ್ತದೆಂಬ ನಂಬಿಕೆಯೂ ಸರಿಯಲ್ಲ. ನೀರು ಕುಡಿಯಲು ಹೋಗುವ ನಾಯಿಗೂ ಈ ರೋಗವಿರಬಹುದು.

ಸಂಶಯ ಬಂದೊಡನೆ ಮಕ್ಕಳನ್ನೂ ದನಕರುಗಳನ್ನೂ ದೂರವಿರಿಸಿ, ನಾಯಿಯನ್ನು ಮುಟ್ಟದೆ ಭದ್ರವಾದ ಕೋಣೆಯಲ್ಲಿ ಕೂಡಿಹಾಕಿ ಪಶುವೈದ್ಯರಿಗೆ ತಿಳಿಸತಕ್ಕದ್ದು. ಲಕ್ಷಣಗಳು ತೋರಿದ ನಾಯಿಯು ಸಾಮಾನ್ಯವಾಗಿ 10 ದಿನಗಳೊಳಗಾಗಿ ಸಾಯುತ್ತದೆ. ಸತ್ತರೆ ಹೂಳುವ ಮೊದಲೇ ವೈದ್ಯರಿಗೆ ವರದಿ ಮಾಡಬೇಕು. ಮೆದುಳಿನ ಪರೀಕ್ಷೆಯಿಂದ ರೋಗವು ನಿಶ್ಚಯವಾಗುತ್ತದೆ.

ಯಾರಿಗಾದರೂ ಕಚ್ಚಿದ್ದರೆ, ಪರಚಿದ್ದರೆ, ಅಥವಾ ಗಾಯಕ್ಕೆ ಜೊಲ್ಲು ತಾಗಿದ್ದರೆ, ಆ ಸ್ಥಳವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗತಕ್ಕದ್ದು. ಮೆಣಸಿನ ಪುಡಿ, ಸುಣ್ಣ ಮೊದಲಾದುವನ್ನು ಹಚ್ಚಬಾರದು. ನಾಯಿಗೆ ಏನಾಗುತ್ತದೆಂದು ನೋಡೋಣವೆಂದು ಕಾಯಲೂಬಾರದು. ಪ್ಯಾಸ್ಚರ್ ಎಂಬ ಫ್ರಾನ್ಸ್ ದೇಶದ ವಿಜ್ಞಾನಿಯು 1885ರಲ್ಲಿ ನಾಯಿ ಕಚ್ಚಿದ ಬಾಲಕನೊಬ್ಬನಿಗೆ ಮೊದಲು ಪ್ರಯೋಗಿಸಿದ ಚಿಕಿತ್ಸೆಯು ಇಂದು ಸುಧಾರಿಸಿದ ಲಸಿಕೆಯ ರೂಪದಲ್ಲಿ ದೊರೆಯುತ್ತದೆ. ಕಾಲಕ್ಕೆ ಸರಿಯಾಗಿ ಹಾಕಿಸಿಕೊಂಡವರು ಬದುಕುತ್ತಾರೆ. ರೋಗಲಕ್ಷಣ ತಲೆದೋರಿದ ಮೇಲೆ ಬದುಕಿದವರು ಅತಿ ವಿರಳ.

2. ನೋವು ಮತ್ತು ಜ್ವರ

ಹುಚ್ಚಿನ ಸಂಶಯವಿಲ್ಲವೆಂದು ವೈದ್ಯರು ಹೇಳಿದ ಬಳಿಕ ಉಳಿದ ಕಾರಣಗಳನ್ನು ಹುಡುಕಬೇಕು. ಸೊಂಟದ ಕೀಲು ನೋಯುವ ನಾಯಿಯು ಕೂರೆಂದರೆ ಕೂರದು. ಕಿವಿಯಲ್ಲಿ ಕೀವಾಗಲಿ ಹುಲ್ಲಿನ ಮುಳ್ಳಾಗಲಿ ಸೇರಿದ ನಾಯಿಯು ತಲೆ ಸವರಹೋದವನನ್ನು ಕಚ್ಚಬರುತ್ತದೆ. ಹಲ್ಲು ಕೊಳೆತುದು ತಟ್ಟೆಯ ಬಳಿ ಸಿಡುಕುತ್ತದೆ. ಉಣ್ಣೆಗಳಿಂದ ಹರಡುವ ಜ್ವರದಲ್ಲಿ ನಾಯಿಯು ಮೇವು ಬಿಟ್ಟು, ಕರೆದರೂ ಏಳದೆ ಮಲಗಿರುತ್ತದೆ. ಒಸಡು ಬಿಳುಪೇರುವುದು, ಮೂಗಿನಿಂದ ರಕ್ತ ಬರುವುದು, ಮೂತ್ರವು ಕೆಂಪಾಗುವುದು ಇದರ ಗುರುತುಗಳು. ಇವೆಲ್ಲಕ್ಕೂ ಚಿಕಿತ್ಸೆಯುಂಟು, ಏಟು ಮಾತ್ರ ಚಿಕಿತ್ಸೆಯಲ್ಲ.

3. ಕಿವಿ, ಕಣ್ಣು, ಮುಪ್ಪು

ಕಿವುಡು ಮೆಲ್ಲಮೆಲ್ಲನೆ ಬಂದರೂ ಒಡೆಯನಿಗೆ ಒಂದೇ ದಿನ ತಿಳಿಯುತ್ತದೆ. ನಾಯಿಯು ಮಲಗಿರುವಾಗ, ಅದಕ್ಕೆ ಕಾಣದಂತೆಯೂ ಗಾಳಿ ತಾಗದಂತೆಯೂ ಹಿಂದೆ ತುಸು ದೂರ ನಿಂತು ಚಪ್ಪಾಳೆ ತಟ್ಟಿ ಕಿವಿ ನಿಮಿರುವುದೇ ಎಂದು ನೋಡಬೇಕು. ಕಣ್ಣಿನ ಪರೀಕ್ಷೆಗೆ ಹತ್ತಿಯ ಉಂಡೆಯನ್ನು ಮುಖದ ಮುಂದೆ ಸದ್ದಿಲ್ಲದೆ ಬೀಳಿಸಿದರೆ ಸಾಕು; ನೋಟವಿರುವ ನಾಯಿಯು ಅದನ್ನು ಹಿಂಬಾಲಿಸಿ ನೋಡುತ್ತದೆ. ವಯಸ್ಸಾದ ಕೆಲವು ನಾಯಿಗಳಿಗೆ ಮನುಷ್ಯರಂತೆಯೇ ಮರೆವು ಕವಿದು, ಪರಿಚಿತರನ್ನು ಗುರುತಿಸದಿರುವುದೂ ರಾತ್ರಿಯೆಲ್ಲ ಅಲೆಯುವುದೂ ಉಂಟು.

4. ಬೆದೆ, ಅಂಜಿಕೆ, ಒಡೆಯನ ನಡತೆ

ನೆರೆಯ ಹೆಣ್ಣುನಾಯಿಯು ಬೆದೆಗೆ ಬಂದಾಗ ಗಂಡುನಾಯಿಯು ಕರೆದರೂ ತಿರುಗಿ ನೋಡದು. ಮರಿ ಹಾಕಿದ ತಾಯಿಯು ಒಡೆಯನನ್ನೂ ಹತ್ತಿರ ಸೇರಿಸದಿರಬಹುದು. ಪಟಾಕಿಯ ಸದ್ದಿಗೆ ಬೆದರಿದ ನಾಯಿಯು ಆ ಸ್ಥಳಕ್ಕೆ ಮತ್ತೆ ಬರಲೊಲ್ಲದು. ಇನ್ನು ಆಳು ಬದಲಾಗಿ ಕರೆಯುವ ಮಾತೇ ಬೇರೆಯಾದರೆ, ಒಬ್ಬರು ಬೇಡವೆಂದುದನ್ನು ಮತ್ತೊಬ್ಬರು ಬಿಟ್ಟುಕೊಟ್ಟರೆ, ತಪ್ಪು ಮನುಷ್ಯರದು. ತಡವಾಗಿ ಬಂದುದಕ್ಕೆ ಹೊಡೆಯುವ ರೂಢಿಯಂತೂ ಕೇವಲ ಹಾನಿಕರ. ಯಾತಕ್ಕೆಂದರೆ, ಬಂದರೆ ಏಟು ಬೀಳುವುದೆಂಬುದನ್ನೇ ನಾಯಿಯು ಕಲಿಯುತ್ತದೆ. ಒಂದೇ ಮಾತಿನಿಂದ ಕರೆದು, ಬಂದೊಡನೆ ಒಂದು ತುತ್ತು ಕೊಟ್ಟು ಸವರಿದರೆ ಹಳೆಯ ಅಭ್ಯಾಸವು ಕ್ರಮವಾಗಿ ಮರಳುತ್ತದೆ.

5. ಗ್ರಾಮದ ಮುಖಂಡರ ಕರ್ತವ್ಯ

ಒಂದು ನಾಯಿಯ ಹುಚ್ಚು ಒಂದು ಮನೆಯ ಸಂಗತಿಯಲ್ಲ. ಅದು ಊರಿನ ಮಕ್ಕಳಿಗೂ ಕೊಟ್ಟಿಗೆಯ ರಾಸುಗಳಿಗೂ ಸಂಬಂಧಿಸಿದ್ದು. ಆದುದರಿಂದ ಗ್ರಾಮದ ಯಜಮಾನರೂ ಜಮೀನುದಾರರೂ ತಮ್ಮ ನಾಯಿಗಳಿಗೆ ಮೂರು ತಿಂಗಳ ವಯಸ್ಸಿನಲ್ಲಿ ಲಸಿಕೆ ಹಾಕಿಸಿ, ಅನಂತರ ಪಶುವೈದ್ಯರು ಹೇಳಿದ ಅವಧಿಗೆ ತಪ್ಪದೆ ಪುನಃ ಹಾಕಿಸಿ, ಇತರರಿಗೆ ಮೇಲ್ಪಂಕ್ತಿಯಾಗಬೇಕು. ಮನುಷ್ಯರಲ್ಲಿನ ರೇಬೀಸನ್ನು ಕರ್ನಾಟಕ ಸರ್ಕಾರವು 2022ರಲ್ಲಿ ಕಡ್ಡಾಯವಾಗಿ ವರದಿ ಮಾಡತಕ್ಕ ರೋಗಗಳ ಸಾಲಿಗೆ ಸೇರಿಸಿದೆ. ಊರಿನಲ್ಲಿ ಯಾವ ನಾಯಿಯಾದರೂ ಸ್ವಭಾವ ಕೆಟ್ಟು ನಡೆದ ಸುದ್ದಿ ಬಂದರೆ ಅಂದೇ ಪಶುವೈದ್ಯರಿಗೆ ತಿಳಿಸುವುದೂ, ಕಚ್ಚಿಸಿಕೊಂಡವರು ಆಸ್ಪತ್ರೆಗೆ ಹೋದರೇ ಎಂದು ವಿಚಾರಿಸುವುದೂ ಮುಖಂಡರಾದವರು ಮಾಡಬಹುದಾದ ಸುಲಭವಾದ ಉಪಕಾರ. ಇದಕ್ಕೆ ಖರ್ಚಿಲ್ಲ, ಅಲಕ್ಷ್ಯ ಮಾಡಿದರೆ ಮಾತ್ರ ಒಂದು ಪ್ರಾಣವೇ ಹೋಗಬಹುದು.