ಮಾದರಿಯ ಮೈಗೆ ಮಂದಮೆರುಗು



ವೇರೂಳಿನ ಕೈಲಾಸ ದೇವಾಲಯವನ್ನು ನಿಮ್ಮಲ್ಲಿ ಕೆಲವರು ಕಣ್ಣಾರೆ ಕಂಡಿದ್ದೀರಿ. ಮುಂಬಯಿಯಿಂದ ರೈಲನ್ನೇರಿ ನಾಸಿಕ, ಮನಮಾಡಗಳನ್ನು ದಾಟಿ ಛತ್ರಪತಿ ಸಂಭಾಜಿನಗರದಲ್ಲಿ ಇಳಿದು, ಅಲ್ಲಿಂದ ಸುಮಾರು 30 ಕಿಲೋಮೀಟರು ಮೋಟಾರಿನಲ್ಲಿ ಸಾಗಿದರೆ ವೇರೂಳು ದೊರೆಯುತ್ತದೆ. ಬೌದ್ಧ, ವೈದಿಕ, ಜೈನ ಈ ಮೂರು ಮತಗಳವರೂ ಒಂದೇ ಬೆಟ್ಟದ ಮೈಯಲ್ಲಿ ಕೊರೆಯಿಸಿದ 34 ಗುಹೆಗಳು ಅಲ್ಲಿವೆ. ಅವುಗಳಲ್ಲಿ 16ನೆಯದೇ ಕೈಲಾಸ. ಎಂಟನೆಯ ಶತಮಾನದಲ್ಲಿ, ರಾಷ್ಟ್ರಕೂಟರ ಒಂದನೆಯ ಕೃಷ್ಣನ ಆಳಿಕೆಯಲ್ಲಿ ಅದರ ಮುಖ್ಯ ಭಾಗ ಸಿದ್ಧವಾಯಿತೆಂದು ಪಂಡಿತರು ಹೇಳುತ್ತಾರೆ. ಮುಂದೆ ಇದೇ ವಂಶದ ನೃಪತುಂಗನ ಆಸ್ಥಾನದಲ್ಲಿ ‘ಕವಿರಾಜಮಾರ್ಗ’ ಹುಟ್ಟಿತೆಂಬುದನ್ನು ನೀವು ಪಾಠದಲ್ಲಿ ಓದಿದ್ದೀರಿ. ಆದುದರಿಂದ ಈ ಪರಸ್ಥಳದಲ್ಲಿ ಬೆಳೆಯುತ್ತಿರುವ ಕನ್ನಡದ ಮಕ್ಕಳಿಗೆ ವೇರೂಳು ಪರರ ಊರೇನೂ ಅಲ್ಲ.

ನಮ್ಮ ತರಗತಿಯ ಮಕ್ಕಳು ಶಾಲೆಯ ವಸ್ತುಪ್ರದರ್ಶನಕ್ಕೆಂದು ಕೈಲಾಸದ ಮಾದರಿಯೊಂದನ್ನು ಮಾಡಿದಾಗ ನಾವು ಎಡವಿದ ಬಗೆಯನ್ನೂ, ಎಡವಿ ಕಲಿತುದನ್ನೂ ಇಲ್ಲಿ ಹೇಳಬೇಕೆಂದಿದ್ದೇವೆ. ವಿಷಯ ಚಿಕ್ಕದು: ಮಾದರಿಯ ಬಣ್ಣ ಕೆಡದಂತೆ ಮೇಲೆ ಬಳಿಯುವ ತಿಳಿಯಾದ ಮೆರುಗೆಣ್ಣೆ ಹೊಳೆಯದಂತೆ ಮಾಡುವುದು ಹೇಗೆ? ಆದರೆ ಮೂರು ತಿಂಗಳ ದುಡಿಮೆ ಉಳಿಯುವುದೂ ಅಳಿಯುವುದೂ ಈ ಚಿಕ್ಕ ವಿಷಯದ ಮೇಲೆಯೇ ನಿಂತಿತ್ತು.

ನಾವು ಆರಿಸಿಕೊಂಡ ಪ್ರಮಾಣ ನೂರಕ್ಕೆ ಒಂದು. ಕೈಲಾಸದ ಅಂಗಳ ಸುಮಾರು 82 ಮೀಟರು ಉದ್ದ, 46 ಮೀಟರು ಅಗಲ. ಆದುದರಿಂದ ನಮ್ಮ ಹಲಗೆ 82 ಸೆಂಟಿಮೀಟರು ಉದ್ದ, 46 ಸೆಂಟಿಮೀಟರು ಅಗಲ. ಸುಮಾರು 30 ಮೀಟರಿನ ಗುಡಿ 30 ಸೆಂಟಿಮೀಟರು ಆಯಿತು; ಅಂಗಳದ ಧ್ವಜಸ್ತಂಭಗಳು ಗೇಣುದ್ದವೂ ಇಲ್ಲ. ರಟ್ಟಿನ ಒಡಲು, ಅದರ ಮೇಲೆ ಪ್ಲಾಸ್ಟರಿನ ಕೆತ್ತನೆ, ಅದರ ಮೇಲೆ ಪೋಸ್ಟರ್ ಬಣ್ಣ. ದಖ್ಖಣದ ಕರಿಕಲ್ಲಿನ ಬಣ್ಣವನ್ನು ಮಕ್ಕಳು ಬೂದು, ಕಂದು, ಕಪ್ಪುಗಳನ್ನು ಬೆರಸಿ ಬಹು ಚೆನ್ನಾಗಿ ತಂದಿದ್ದರು. ಒದ್ದೆಯ ಬೆರಳು ತಗುಲಿದರೆ ಬಣ್ಣ ಏಳುತ್ತದೆಂದು ನಾವೇ ಅಂಗಡಿಯಿಂದ ಒಂದು ಡಬ್ಬಿ ಮೆರುಗೆಣ್ಣೆಯನ್ನು ತಂದು, ಮೊದಲು ಹಿಂಬದಿಯ ಕೋಡುಗಲ್ಲಿಗೆ ಬಳಿದೆವು. ಮರುದಿನ ನೋಡಿದರೆ ಅಷ್ಟು ಭಾಗ ಫಳಫಳನೆ ಹೊಳೆಯುತ್ತಿತ್ತು. ಮಗನನ್ನು ಕರೆದೊಯ್ಯಲು ಬಂದಿದ್ದ ತಾಯಿಯೊಬ್ಬರು ಅದನ್ನು ನೋಡಿ, “ಮಾಸ್ತರ, ಇದೇನು ಸಂಕ್ರಾಂತಿಯ ಸಕ್ಕರೆ ಅಚ್ಚೇನ್ರಿ?” ಎಂದರು. ಅವರ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ.

ಹೊಳಪು ಎಂದರೇನು? ಕನ್ನಡಿಯಂತೆ ನುಣುಪಾದ ಮೈಯ ಮೇಲೆ ಬಿದ್ದ ಬೆಳಕು ಒಂದೇ ದಿಕ್ಕಿಗೆ ಪುಟಿಯುತ್ತದೆ. ಆಗ ದೀಪದ ಪ್ರತಿಬಿಂಬವೇ ಅದರಲ್ಲಿ ಕಾಣುತ್ತದೆ. ಒರಟಾದ ಮೈಯ ಮೇಲೆ ಬಿದ್ದ ಬೆಳಕಾದರೋ ನಾನಾ ದಿಕ್ಕಿಗೆ ಚೆದರುತ್ತದೆ. ಬಿಂಬ ಮೂಡದೆ ವಸ್ತುವಿನ ಬಣ್ಣ ಮಾತ್ರ ತೋರುತ್ತದೆ. ಚನ್ನಪಟ್ಟಣದ ಗೊಂಬೆಯನ್ನು ನೆನೆಯಿರಿ. ತಿರುಗುವ ಮರಕ್ಕೆ ಅರಗನ್ನು ಒತ್ತುತ್ತಾರೆ. ತಿಕ್ಕಾಟದ ಬಿಸಿಗೆ ಅರಗು ಕರಗಿ ಮೈಗೆ ಹತ್ತುತ್ತದೆ. ಬಳಿಕ ಗರಿಯಿಂದ ತೀಡಿ ನುಣುಪು ಮಾಡುತ್ತಾರೆ. ಅಲ್ಲಿ ಹೊಳಪೇ ಸೊಗಸು, ಏಕೆಂದರೆ ಗೊಂಬೆ ಗೊಂಬೆಯಾಗಿಯೇ ಕಾಣಬೇಕು. ಮಾದರಿಯ ಗುರಿ ಬೇರೆ. ಒಂದು ಅಡಿಯ ವಸ್ತು ನೂರು ಅಡಿಯ ವಸ್ತುವನ್ನು ನೆನಪಿಗೆ ತರಬೇಕು. ಬಯಲಲ್ಲಿ ನಿಂತ ಬಂಡೆಯ ಮೇಲೆ ದೀಪದ ಚುಕ್ಕೆ ಹೊಳೆಯುವುದಿಲ್ಲ. ಮಾದರಿಯ ಮೇಲೆ ಅದು ಹೊಳೆದೊಡನೆ ‘ಇದು ಅಂಗೈಯ ಆಟಿಕೆ’ ಎಂದು ಕಣ್ಣು ತೀರ್ಮಾನಿಸಿಬಿಡುತ್ತದೆ.

ಹಾಗಾದರೆ ಹೊಳೆಯದ ಮೆರುಗೆಣ್ಣೆ ಹೇಗೆ ಸಾಧ್ಯ? ಅಂಗಡಿಗಳಲ್ಲಿ ‘ಮ್ಯಾಟ್ ವಾರ್ನಿಷ್’ ಎಂಬ ಹೆಸರಿನಲ್ಲಿ ಅದು ದೊರೆಯುತ್ತದೆ. ಅದೂ ತಿಳಿಯಾದ ರಾಳವೇ. ಆದರೆ ಅದರಲ್ಲಿ ಸಿಲಿಕಾ ಎಂಬ ಮರಳಿನ ಜಾತಿಯ ವಸ್ತುವಿನ ಅತಿ ಸಣ್ಣ ಪುಡಿಯನ್ನು ಕಲಸಿರುತ್ತಾರೆ. ಒಂದೊಂದು ಕಣ ಮಿಲಿಮೀಟರಿನ ಸಾವಿರದಲ್ಲಿ ಕೆಲವೇ ಪಾಲಿನಷ್ಟು. ದ್ರವ ಆರುತ್ತ ಬಂದಂತೆ ಪೊರೆ ಕುಗ್ಗುತ್ತದೆ. ಆಗ ಈ ಕಣಗಳಿಂದ ಮೇಲ್ಮೈ ಸೂಕ್ಷ್ಮವಾಗಿ ತರಿತರಿಯಾಗಿ ಬೆಳಕನ್ನು ಚೆದರಿಸುತ್ತದೆ. ಕಣ್ಣಿಗೂ ಕೈಗೂ ತರಿ ತಿಳಿಯದು. ಬೆಳಕಿಗೆ ಮಾತ್ರ ತಿಳಿಯುತ್ತದೆ.

ಈ ತತ್ತ್ವವನ್ನು ಅರಿತರೆ ಮುಂದಿನ ನಿಯಮಗಳೆಲ್ಲ ತಾವಾಗಿಯೇ ಹೊಳೆಯುತ್ತವೆ.

ಮೊದಲನೆಯದಾಗಿ, ಕಲಕುವುದು. ಪುಡಿ ಡಬ್ಬಿಯ ತಳದಲ್ಲಿ ಕೂಡುತ್ತದೆ. ಕಲಕದೆ ಮೇಲಿನ ತಿಳಿಯನ್ನಷ್ಟೆ ಬಳಿದರೆ ಹೊಳಪೇ ಬರುತ್ತದೆ. ಕೊನೆಗೆ ಉಳಿದ ಗಸಿಯನ್ನು ಬಳಿದರೆ ಬಿಳಿಯ ಬೂದಿ ಎರಚಿದಂತಾಗುತ್ತದೆ. ತಳದ ಗಸಿ ಪೂರ್ತಿ ಬೆರೆಯುವವರೆಗೆ ಕಡ್ಡಿಯಿಂದ ನಿಧಾನವಾಗಿ ತಿರುವಬೇಕು. ನಡುನಡುವೆ ಮತ್ತೆ ಕಲಕಬೇಕು. ಸಿಂಪಡಿಸುವ ಡಬ್ಬಿಯಾದರೆ ಒಳಗಿನ ಗುಂಡು ಸಡಿಲಗೊಂಡು ಸದ್ದುಮಾಡಿದ ಮೇಲೂ ಒಂದೆರಡು ನಿಮಿಷ ಅಲುಗಿಸಬೇಕು.

ಎರಡನೆಯದಾಗಿ, ತೆಳುವಾಗಿ ಬಳಿಯುವುದು. ಇಲ್ಲಿ ಗಣಿತವನ್ನು ಮರೆಯಬಾರದು. ನಮ್ಮ ಪ್ರಮಾಣದಲ್ಲಿ ಅರ್ಧ ಮಿಲಿಮೀಟರು ದಪ್ಪದ ಮೆರುಗೆಣ್ಣೆ ನಿಜವಾದ ಗುಡಿಯ ಮೇಲೆ 5 ಸೆಂಟಿಮೀಟರು ಗಾರೆ ಮೆತ್ತಿದಂತೆ. ಕಂಬದ ಬಳ್ಳಿ, ಆನೆಯ ಸೊಂಡಿಲ ಗೆರೆ ಎಲ್ಲವೂ ಅದರಡಿ ಹೂತುಹೋಗುತ್ತವೆ. ದಪ್ಪನೆಯ ಒಂದು ಲೇಪಕ್ಕಿಂತ ತೆಳುವಾದ ಮೂರು ಲೇಪಗಳು ಮೇಲು. ಒಂದು ಪೂರ್ತಿ ಆರಿದ ಮೇಲೆಯೇ ಮತ್ತೊಂದು.

ಮೂರನೆಯದಾಗಿ, ಕೆಳಗಿನ ಬಣ್ಣದ ಗುಣವನ್ನು ತಿಳಿಯುವುದು. ಪೋಸ್ಟರ್ ಬಣ್ಣ ನೀರಿನಲ್ಲಿ ಕರಗುವಂಥದು. ಅದರ ಮೇಲೆ ನೀರಿನ ಜಾತಿಯ ಮೆರುಗೆಣ್ಣೆಯನ್ನು ಕುಂಚದಿಂದ ತೀಡಿದರೆ ಬಣ್ಣವೆಲ್ಲ ಕದಡಿ ಕೆಸರಾಗುತ್ತದೆ. ಅಂಥಲ್ಲಿ ಕುಂಚ ಬೇಡ. ಮಂಜಿನಂತೆ ಹಗುರವಾಗಿ ಸಿಂಪಡಿಸಬೇಕು. ಅಕ್ರಿಲಿಕ್ ಬಣ್ಣ ಆರಿದ ಮೇಲೆ ನೀರಿಗೆ ಕರಗದು. ಅದರ ಮೇಲೆ ಮೃದುವಾದ ಅಗಲ ಕುಂಚ ಆಡಬಹುದು. ಆದರೆ ಎಳೆದ ಗೆರೆ ಆರತೊಡಗಿದ ಮೇಲೆ ಅಲ್ಲಿಗೆ ಮರಳಿ ಕುಂಚ ತಾಗಿಸಬಾರದು.

ನಾಲ್ಕನೆಯದಾಗಿ, ದೂರವನ್ನು ಕಾಯುವುದು. ಸಿಂಪಡಿಸುವಾಗ ಡಬ್ಬಿ ಮಾದರಿಯಿಂದ ಒಂದು ಗೇಣಿಗಿಂತ ತುಸು ಹೆಚ್ಚು, ಎಂದರೆ 25 ಸೆಂಟಿಮೀಟರಿನಷ್ಟು ದೂರವಿರಲಿ. ಹತ್ತಿರ ಬಂದರೆ ದ್ರವ ಇಳಿಯುತ್ತದೆ. ಬಹು ದೂರ ಸರಿದರೆ ಹನಿಗಳು ಗಾಳಿಯಲ್ಲಿಯೇ ಆರಿ ಧೂಳಿನಂತೆ ಕೂಡುತ್ತವೆ. ಮಾದರಿಯ ಆಚೆಯ ಬಯಲಿನಲ್ಲಿ ಗುಂಡಿಯನ್ನು ಒತ್ತಿ, ಮಾದರಿಯ ಮೇಲೆ ಹಾಯಿಸಿ, ಈಚೆಯ ಬಯಲಿನಲ್ಲಿ ಕೈ ಬಿಡಬೇಕು. ಕೆಲಸ ಬಯಲಲ್ಲಿ ಅಥವಾ ಗಾಳಿಯಾಡುವ ಜಾಗದಲ್ಲಿ ನಡೆಯಲಿ, ಹತ್ತಿರ ಬೆಂಕಿ ಇರಕೂಡದು, ಮೂಗುಬಾಯಿಗಳಿಗೆ ಆವಿಯನ್ನು ತಡೆಯುವ ಮುಖವಾಡವಿರಲಿ, ದೊಡ್ಡವರೊಬ್ಬರು ಜೊತೆಯಲ್ಲಿರಲಿ.

ಇವೆಲ್ಲವನ್ನೂ ನಾವು ಪಾಲಿಸಿದೆವು. ಹೊಳೆಯುತ್ತಿದ್ದ ಭಾಗದ ಮೇಲೂ ಉಳಿದ ಗುಡಿಯ ಮೇಲೂ ಮ್ಯಾಟ್ ಮೆರುಗೆಣ್ಣೆಯನ್ನು ಸಿಂಪಡಿಸಿದೆವು. ಐದನೆಯ ನಿಯಮವೊಂದನ್ನು ಮಾತ್ರ ಅರಿತಿರಲಿಲ್ಲ. ಅದು ಆಷಾಢದ ಸಂಜೆ. ಹೊರಗೆ ಮುಂಬಯಿಯ ಮಳೆ. ಪ್ರದರ್ಶನಕ್ಕೆ ಎರಡೇ ದಿನ ಉಳಿದಿತ್ತು. ಹತ್ತು ನಿಮಿಷ ಕಳೆಯುವಷ್ಟರಲ್ಲಿ ಕರಿಯ ಕೈಲಾಸದ ಮೇಲೆ ಬಿಳಿಯ ಮಬ್ಬು ಹಬ್ಬಿತು. ಸಣ್ಣ ಹುಡುಗನೊಬ್ಬ, “ಗುರುಗಳೇ, ನಿಜವಾಗಿಯೂ ಹಿಮ ಬಿತ್ತು” ಎಂದ. ದೊಡ್ಡ ಮಕ್ಕಳ ಕಣ್ಣಲ್ಲಿ ನೀರಾಡಿತು. ನಮಗೂ ಆ ರಾತ್ರಿ ನಿದ್ದೆ ಬರಲಿಲ್ಲ.

ಕಾರಣ ಇಷ್ಟೆ. ದ್ರಾವಕ ಬೇಗ ಆವಿಯಾಗುವಾಗ ಮೇಲ್ಮೈಯ ಶಾಖವನ್ನು ಹೀರುತ್ತದೆ, ಮೈ ತಣ್ಣಗಾಗುತ್ತದೆ. ಮಳೆಗಾಲದ ಗಾಳಿಯಲ್ಲಿ ತೇವ ತುಂಬಿರುವುದರಿಂದ, ತಣ್ಣೀರಿನ ಲೋಟದ ಹೊರಮೈ ಬೆವರುವಂತೆ, ಅಲ್ಲಿ ನೀರಿನ ಸೂಕ್ಷ್ಮ ಹನಿಗಳು ಕೂಡುತ್ತವೆ. ಅವು ಇನ್ನೂ ಆರದ ಪೊರೆಯಲ್ಲಿ ಸಿಕ್ಕಿ ಸಣ್ಣ ಸಣ್ಣ ಕುಳಿಗಳನ್ನು ಉಳಿಸುತ್ತವೆ. ಕುಳಿಗಳು ಬೆಳಕನ್ನು ಮಿತಿಮೀರಿ ಚೆದರಿಸುವುದರಿಂದ ಬಿಳುಪು ತೋರುತ್ತದೆ. ಬಣ್ಣ ಕೆಟ್ಟಿರುವುದಿಲ್ಲ, ಮರೆಯಾಗಿರುತ್ತದೆ.

ಮರುದಿನ ನಮ್ಮ ವಿಜ್ಞಾನದ ಉಪಾಧ್ಯಾಯರು ಒಂದು ಪರೀಕ್ಷೆ ತೋರಿಸಿದರು. ಮಬ್ಬುಗಾಜಿನ ಮೇಲೆ ನೀರು ಸವರಿದರೆ ಅದು ಪಾರದರ್ಶಕವಾಗುತ್ತದಲ್ಲವೆ? ಹಾಗೆಯೇ ಮಾದರಿಯ ಹಿಂಬದಿಯ ಮೂಲೆಯಲ್ಲಿ ಒದ್ದೆ ಬೆರಳನ್ನು ಮೆಲ್ಲಗೆ ಒತ್ತಿದರು. ನೀರು ಕುಳಿಗಳನ್ನು ತುಂಬಿತು. ಬಿಳುಪು ಮಾಯವಾಗಿ ಕರಿಕಲ್ಲು ಕಂಡಿತು. ಆರಿದೊಡನೆ ಬಿಳುಪು ಮರಳಿತು. ಕುಳಿಗಳನ್ನು ಶಾಶ್ವತವಾಗಿ ತುಂಬಬಲ್ಲ ವಸ್ತು ಯಾವುದು? ನಾವು ಹಳಿದು ಮೂಲೆಗಿಟ್ಟಿದ್ದ ಹೊಳೆಯುವ ಮೆರುಗೆಣ್ಣೆಯೇ! ಮಧ್ಯಾಹ್ನ ಮಳೆ ಬಿಡುವು ಕೊಟ್ಟಿತು. ಮೊದಲು ಒಂದು ಮೂಲೆಯಲ್ಲಿ ಪರೀಕ್ಷಿಸಿ, ಬಳಿಕ ಇಡೀ ಗುಡಿಗೆ ಅದನ್ನು ತೆಳುವಾಗಿ ಬಳಿದೆವು. ಬಿಳುಪು ಹೋಯಿತು, ಹೊಳಪು ಬಂದಿತು. ಅದು ಇಡೀ ರಾತ್ರಿ ಆರಿದ ಮೇಲೆ, ಬಿಸಿಲೇರಿದ ಹೊತ್ತಿನಲ್ಲಿ ಮ್ಯಾಟ್ ಮೆರುಗೆಣ್ಣೆಯನ್ನು ಎರಡು ಬಾರಿ ಮಂಜಿನಂತೆ ಹಾಯಿಸಿದೆವು. ಪ್ರದರ್ಶನ ತೆರೆಯುವ ಹೊತ್ತಿಗೆ ಕಲ್ಲು ಮತ್ತೆ ಕಲ್ಲಾಗಿತ್ತು. ಅಂದಿನಿಂದ ನಮ್ಮ ಐದನೆಯ ನಿಯಮ: ಮಳೆ ಹೊಯ್ಯುವಾಗ ಮೆರುಗೆಣ್ಣೆಯ ಡಬ್ಬಿಯನ್ನು ತೆರೆಯಬೇಡಿ, ಯಾವ ದಿನವೇ ಆಗಲಿ, ಮೊದಲು ಬೇಡವಾದ ರಟ್ಟಿನ ತುಂಡಿನ ಮೇಲೆ ಪರೀಕ್ಷಿಸಿ.

ಎಲ್ಲ ಮಾದರಿಗಳಿಗೂ ಮಂದಮೆರುಗೇ ತಕ್ಕುದೆಂದು ತಿಳಿಯಬೇಡಿ. 1117ರಲ್ಲಿ ವಿಷ್ಣುವರ್ಧನನು ಕಟ್ಟಿಸಿದ ಬೇಲೂರಿನ ಗುಡಿಯ ಒಳಗಂಬಗಳು ಬಳಪದ ಕಲ್ಲಿನವು; ಅವನ್ನು ಕಡೆದು ನಯಗೊಳಿಸಿದ್ದರಿಂದ ಇಂದಿಗೂ ಮಿನುಗುತ್ತವೆ. ಅವುಗಳ ಮಾದರಿಗೆ ತುಸು ಹೊಳಪು ಬೇಕೇ ಬೇಕು. ಕೈಲಾಸವೂ ಒಂದು ಕಾಲಕ್ಕೆ ಬಿಳಿಯ ಗಾರೆಯನ್ನೂ ಬಣ್ಣಗಳನ್ನೂ ಹೊದ್ದಿತ್ತು. ಜನ ಅದನ್ನು ರಂಗಮಹಲ್ ಎಂದು ಕರೆದುದು ಆ ಕಾರಣದಿಂದ. ಅದರ ಕುರುಹುಗಳು ಈಗಲೂ ಅಲ್ಲಲ್ಲಿ ಉಳಿದಿವೆ. ಮಾಡುವ ಮೊದಲು ಮೂಲವನ್ನು ಚೆನ್ನಾಗಿ ನೋಡಬೇಕೆಂಬುದೇ ಇದರ ತಾತ್ಪರ್ಯ.

ವೇರೂಳಿನ 30ನೆಯ ಗುಹೆಗೆ ಛೋಟಾ ಕೈಲಾಸವೆಂದು ಹೆಸರು. ದೊಡ್ಡದನ್ನು ನೋಡಿ ಜೈನರು ಕೊರೆಯಿಸಿದ ಚಿಕ್ಕ ಗುಡಿ ಅದು. ಕೆಲಸ ಮುಗಿಯದೆ ನಿಂತಿದೆ. ಮೂಲವನ್ನು ಚಿಕ್ಕದಾಗಿ ಮಾಡಿ ನೋಡುವ ಆಸೆ ನಮ್ಮ ತರಗತಿಯಲ್ಲಿಯೇ ಮೊದಲು ಹುಟ್ಟಿದುದಲ್ಲ. 812-13ರ ಬಡೋದೆಯ ತಾಮ್ರಶಾಸನವು ಏಲಾಪುರದ ದೇವಾಲಯವನ್ನು ಬಣ್ಣಿಸುತ್ತ, ಅದನ್ನು ಮಾಡಿದ ಶಿಲ್ಪಿಯೇ ಇದು ತನ್ನಿಂದ ಹೇಗಾಯಿತೆಂದು ಬೆರಗಾದನೆನ್ನುತ್ತದೆ. ನಮ್ಮ ಪುಟ್ಟ ಕೈಲಾಸ ಈಗ ವಾಚನಾಲಯದ ಕಪಾಟಿನಲ್ಲಿದೆ. ಮುಂದಿನ ತರಗತಿಯವರು ನಾಸಿಕದ ಪಾಂಡವಲೇಣಿಯ ಮಾದರಿಯನ್ನು ಮಾಡಬೇಕೆಂದಿದ್ದಾರೆ. ಅವರಿಗೆ ನಮ್ಮ ಸೂಚನೆ ಒಂದೇ: ಕೆತ್ತನೆಯನ್ನು ಮಳೆಗಾಲದಲ್ಲಿ ಮಾಡಿರಿ, ಮೆರುಗೆಣ್ಣೆಯನ್ನು ದೀಪಾವಳಿಯ ಬಳಿಕ ಬಳಿಯಿರಿ.