ಗೋಡೆ ಬಿಟ್ಟು ಬಂದ ಕ್ರಿಸ್ತ

ಬಾರ್ಸಿಲೋನಾದ ಮೊಂಜುಯಿಕ್ ಗುಡ್ಡದ ಮೇಲಿರುವ ಕತಲೂನ್ಯಾ ರಾಷ್ಟ್ರೀಯ ಕಲಾ ಸಂಗ್ರಹಾಲಯದಲ್ಲಿ, ಅರ್ಧ ಗುಮ್ಮಟದಂತೆ ಬಾಗಿದ ಆಸರೆಯೊಂದರ ಮೇಲೆ ಕ್ರಿಸ್ತ ಕುಳಿತಿದ್ದಾನೆ. ನೀಳ ಮುಖ, ಅಗಲವಾದ ಕಣ್ಣು, ಮೇಲೆತ್ತಿದ ಬಲಗೈ, ಎಡಗೈಯಲ್ಲಿ ತೆರೆದ ಪುಸ್ತಕ. ಒಂಬತ್ತು ಶತಮಾನ ಕಳೆದರೂ ಆ ನೋಟದ ಬಿಗಿ ಸಡಿಲಾಗಿಲ್ಲ. ಚಿತ್ರದ ನೀಲಿ ಬಣ್ಣವನ್ನು ಅರೆದದ್ದು ಪಿರಿನೀಸ್ ಪರ್ವತಗಳಲ್ಲೇ ಸಿಗುವ ಏರಿನೈಟ್ ಎಂಬ ಖನಿಜದಿಂದ. ಅದೇ ಪರ್ವತಗಳ ಬೊಯಿ ಕಣಿವೆಯಲ್ಲಿ, ಇಲ್ಲಿಂದ 250 ಕಿಲೋಮೀಟರಿಗೂ ದೂರದ ತಾವುಲ್ ಎಂಬ ಹಳ್ಳಿಯಲ್ಲಿ, ಈ ಕ್ರಿಸ್ತನ ಮೂಲ ಮನೆ ಇದೆ.

ತಾವುಲ್ ಸಣ್ಣ ಊರು. ಆದರೂ 1123ರ ಡಿಸೆಂಬರ್ 10 ಮತ್ತು 11ರಂದು, ಒಂದರ ಮಗ್ಗುಲಿಗೆ ಒಂದು ದಿನ, ಅಲ್ಲಿ ಎರಡು ಚರ್ಚುಗಳ ಪ್ರತಿಷ್ಠೆಯಾಯಿತು. ಎರಡನ್ನೂ ನೆರವೇರಿಸಿದವರು ರೋದಾದ ಬಿಷಪ್ ರಮೋನ್. ಮೊದಲನೆಯದು ಆ ಕ್ರಿಸ್ತನಿದ್ದ ಸಾಂತ್ ಕ್ಲಿಮೆಂತ್, ಎರಡನೆಯದು ಸಾಂತಾ ಮರಿಯಾ. ಒರಟು ಕಲ್ಲಿನ ಗೋಡೆ, ಸ್ಲೇಟು ಕಲ್ಲು ಹೊದೆಸಿದ ಮರದ ಮಾಡು, ಪಕ್ಕದಲ್ಲಿ ಅಂತಸ್ತಿನ ಮೇಲೆ ಅಂತಸ್ತಾಗಿ ಏರುವ ಚೌಕದ ಗಂಟೆಗೋಪುರ. ಕಣಿವೆಯ ಇಂಥ ಒಂಬತ್ತು ಚರ್ಚುಗಳನ್ನು ಯುನೆಸ್ಕೊ 2000ದಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಇವು ಮೂಲರೂಪದಲ್ಲಿ ಉಳಿದದ್ದಕ್ಕೆ ಬಡತನವೂ ಒಂದು ಕಾರಣ. ಬೇರೆ ಊರುಗಳು ಹಳೆಯದನ್ನು ಕೆಡವಿ ಹೊಸ ಶೈಲಿಯಲ್ಲಿ ಕಟ್ಟಿಕೊಂಡ ಕಾಲದಲ್ಲಿ ಈ ಕಣಿವೆಯವರ ಬಳಿ ಅಷ್ಟು ಹಣವಿರಲಿಲ್ಲ. ಹಾಗಾಗಿ ಇದ್ದುದರ ಮುಂದೆಯೇ ಹೊಸ ಪೂಜಾಫಲಕಗಳನ್ನು ನಿಲ್ಲಿಸಿದರು. ಅವುಗಳ ಮರೆಯಲ್ಲಿ ಹಳೆಯ ಚಿತ್ರಗಳು ಉಳಿದವು.

1907ರಲ್ಲಿ ವಾಸ್ತುಶಿಲ್ಪಿ ಜೋಸೆಪ್ ಪುಚ್ ಇ ಕದಫಾಲ್ಕ್ ಮುಂದಾಳತ್ವದಲ್ಲಿ ವಿದ್ವಾಂಸರ ತಂಡವೊಂದು ಈ ಬೆಟ್ಟಗಳನ್ನು ಹತ್ತಿ ಇಳಿದು, ಕಂಡದ್ದನ್ನೆಲ್ಲ ಅಳೆದು ಫೋಟೊ ತೆಗೆದುಕೊಂಡಿತು. ಅದರಿಂದ ನಾಡಿಗೆ ತನ್ನ ಸಂಪತ್ತಿನ ಅರಿವಾಯಿತು. ಅಷ್ಟರಲ್ಲೇ ವ್ಯಾಪಾರಿಗಳೂ ಮೂಸಿ ನೋಡಿದ್ದರು. ಮೂರ್ ಎಂಬಲ್ಲಿಯ ಚರ್ಚಿನ ಭಿತ್ತಿಚಿತ್ರಗಳು ಗೋಡೆಯಿಂದ ಕಳಚಿ, ಕೈ ಬದಲಿಸಿ, 1921ರಲ್ಲಿ ಅಮೆರಿಕದ ಬಾಸ್ಟನ್ ಸಂಗ್ರಹಾಲಯದ ಸ್ವತ್ತಾದವು. ಇಂದಿಗೂ ಅಲ್ಲೇ ಇವೆ.

ಮುಂದಿನ ಸರದಿ ತಾವುಲ್‌ನದೇ ಆಗುತ್ತಿತ್ತು. ಮೂರ್‌ನ ಚಿತ್ರಗಳು ಗೋಡೆ ಬಿಟ್ಟ ಹೊತ್ತಿಗೇ ಬಾರ್ಸಿಲೋನಾದ ಸಂಗ್ರಹಾಲಯ ಮಂಡಳಿ ಕಠಿಣ ತೀರ್ಮಾನ ಕೈಗೊಂಡಿತು: ಉಳಿದ ಚಿತ್ರಗಳನ್ನು ತಾನೇ ಕೊಂಡು, ತಾನೇ ಕಳಚಿಸಿ ತರುವುದು. ಅದರ ಹಿಂದಿದ್ದವರು ಕಲಾ ಇತಿಹಾಸಕಾರ ಜುಆಕಿಮ್ ಫೋಲ್ಕ್ ಇ ತೋರ್ರೆಸ್. ಕೆಲಸಕ್ಕೆ ಇಟಲಿಯಿಂದ ಫ್ರಾಂಕೊ ಸ್ತೆಫನೋನಿ ಮತ್ತು ಸಂಗಡಿಗರು ಬಂದರು. ಪ್ರಾಣಿಗಳ ಚರ್ಮ, ಮೂಳೆಯಿಂದ ಕಾಯಿಸಿದ ಅಂಟನ್ನು ಹಚ್ಚಿ ಚಿತ್ರದ ಮೇಲೆ ಬಟ್ಟೆ ಮೆತ್ತುತ್ತಿದ್ದರು. ಅಂಟು ಒಣಗುತ್ತ ಬಿಗಿದಂತೆ ಬಣ್ಣದ ತೆಳು ಪದರ ಗಾರೆಯಿಂದ ಬಿಡುತ್ತಿತ್ತು. ಆಗ ಬಟ್ಟೆಯನ್ನು ಮೆಲ್ಲಗೆ ಎಳೆದು ಸುಲಿದು, ಸುರುಳಿ ಸುತ್ತಿ, ಹೇಸರಗತ್ತೆಗಳ ಬೆನ್ನಿಗೇರಿಸಿ ಬೆಟ್ಟ ಇಳಿಸಿದರು. ನಗರದಲ್ಲಿ ಹಿಂಬದಿಗೆ ಹೊಸ ಬಟ್ಟೆ ಅಂಟಿಸಿ, ಮುಂಬದಿಯ ಬಟ್ಟೆಯನ್ನು ತೆಗೆದಾಗ ಕ್ರಿಸ್ತ ಮತ್ತೆ ಕಣ್ಣು ಬಿಟ್ಟ. 1919ರಿಂದ 1923ರವರೆಗೆ ಈ ಕೆಲಸ ನಡೆಯಿತು. ಸ್ಪೇನಿನ ಅಂತರ್ಯುದ್ಧದ ವರ್ಷಗಳಲ್ಲಿ ಸಂಗ್ರಹವನ್ನು ಓಲೋತ್ ಪಟ್ಟಣಕ್ಕೆ ಸಾಗಿಸಿ ಕಾಪಾಡಿದರು, 1937ರಲ್ಲಿ ಕತಲಾನ್ ಕಲೆಯ ದೊಡ್ಡ ಪ್ರದರ್ಶನ ಪ್ಯಾರಿಸ್ಸಿನಲ್ಲೂ ನಡೆಯಿತು.

ಸುಲಿದದ್ದು ಸರಿಯೇ? ಬಾಸ್ಟನ್ನಿಗೆ ಹೋಗುವುದಕ್ಕಿಂತ ಬಾರ್ಸಿಲೋನಾ ಮೇಲೆಂದು ನಾನು ನಂಬುತ್ತೇನೆ. ಆದರೆ ಕಣಿವೆಗೆ ಆದ ನಷ್ಟ ಅದರಿಂದ ಅಳಿಸಿಹೋಗುವುದಿಲ್ಲ. ಎರಿಲ್ ಲಾ ವಾಲ್ ಹಳ್ಳಿಯ ಚರ್ಚನ್ನೇ ನೋಡಿ. ಕ್ರಿಸ್ತನನ್ನು ಶಿಲುಬೆಯಿಂದ ಇಳಿಸುವ ಏಳು ಮರದ ಪ್ರತಿಮೆಗಳಲ್ಲಿ ಐದು ವಿಕ್ ಪಟ್ಟಣದ ಸಂಗ್ರಹಾಲಯಕ್ಕೂ, ತಾಯಿ ಮರಿಯಾ ಮತ್ತು ಸಂತ ಯೋಹಾನ ಬಾರ್ಸಿಲೋನಾಕ್ಕೂ ಹೋದವು. ಮಗನ ಶವ ಇಳಿಸುವ ಹೊತ್ತಿಗೆ ತಾಯಿ ಬೇರೆ ಊರಿನಲ್ಲಿದ್ದಾಳೆ! ಹಳ್ಳಿಯಲ್ಲಿರುವುದು ನಕಲು ಪ್ರತಿಮೆಗಳು. ಇಂಥ ಕೃತಿಗಳು ಎಲ್ಲಿರಬೇಕೆಂಬ ಜಗಳ ಸ್ಪೇನಿನಲ್ಲಿ ಇನ್ನೂ ಬಿಸಿಯಾಗಿದೆ. 1936ರಲ್ಲಿ ಬೆಂಕಿಗೆ ತುತ್ತಾದ ಸಿಹೇನಾ ಮಠದಿಂದ ಕಳಚಿ ಬಾರ್ಸಿಲೋನಾಕ್ಕೆ ತಂದ ಭಿತ್ತಿಚಿತ್ರಗಳನ್ನು ನೆರೆಯ ಅರಗಾನ್ ಪ್ರಾಂತಕ್ಕೆ ಮರಳಿಸಬೇಕೆಂಬ ತೀರ್ಪನ್ನು 2025ರ ಮೇ ತಿಂಗಳಲ್ಲಿ ಸ್ಪೇನಿನ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಬೆಂದ ಬಣ್ಣ ಇನ್ನೊಂದು ಪ್ರಯಾಣವನ್ನು ತಾಳದು ಎಂಬುದು ಸಂಗ್ರಹಾಲಯದ ಆತಂಕ.

ತಾವುಲ್ ಬೇರೊಂದು ದಾರಿ ಹಿಡಿದಿದೆ. 2013ರಲ್ಲಿ ಸಾಂತ್ ಕ್ಲಿಮೆಂತ್‌ನ ಗೋಡೆಯಲ್ಲಿದ್ದ ನಕಲು ಚಿತ್ರವನ್ನು ತೆಗೆದರು. ಅಡಿಯಲ್ಲಿ ಉಳಿದಿದ್ದ ಮೂಲ ಬಣ್ಣದ ತುಣುಕುಗಳು ಕಾಣಿಸಿದವು. ಈಗ ಅದೇ ಗೋಡೆಯ ಮೇಲೆ ಬೆಳಕಿನಿಂದ ಚಿತ್ರವನ್ನು ಮೂಡಿಸುತ್ತಾರೆ: ಗೆರೆ ಮೊದಲು, ಬಣ್ಣ ಆಮೇಲೆ, ಕೊನೆಗೆ ಇಡೀ ಕ್ರಿಸ್ತ. ಕೆಲವೇ ನಿಮಿಷಗಳ ನಂತರ ಮತ್ತೆ ಆ ತುಣುಕುಗಳಷ್ಟೇ. ನಕಲಿಗಿಂತ ಇದು ಪ್ರಾಮಾಣಿಕ. ಏನಿತ್ತು, ಏನು ಹೋಯಿತು ಎಂಬ ಎರಡನ್ನೂ ಅದು ತೋರಿಸುತ್ತದೆ.

ಚರ್ಚಿನಾಚೆ ನಿಂತರೆ ಎದುರಿಗೆ ಪರ್ವತ. ಹಿಮನದಿಗಳು ಕೊರೆದ ಗ್ರಾನೈಟ್ ಬೋಗುಣಿಗಳಲ್ಲಿ ಸುಮಾರು 200 ಸರೋವರಗಳಿರುವ ಐಗುವೆಸ್ತೋರ್ತೆಸ್, ಕತಲೂನ್ಯಾದ ಏಕೈಕ ರಾಷ್ಟ್ರೀಯ ಉದ್ಯಾನ. ಸ್ಥಾಪನೆಯಾದದ್ದು 1955ರಲ್ಲಿ, ಜಲವಿದ್ಯುತ್ತಿಗಾಗಿ ಅಣೆಕಟ್ಟುಗಳು ಎದ್ದ ಕಾಲದಲ್ಲೇ. ಸ್ವಂತ ಕಾರು ಒಳಗೆ ಹೋಗುವಂತಿಲ್ಲ, ನಡೆಯಬೇಕು ಅಥವಾ ಬೊಯಿ ಊರಿನ ಟ್ಯಾಕ್ಸಿ ಹಿಡಿಯಬೇಕು. ಕರಿಪೈನ್ ಕಾಡಿನ ಮೇಲೆ ಗಡ್ಡದ ರಣಹದ್ದು ತೇಲುವುದನ್ನು ನೋಡಲು ನಡಿಗೆಯೇ ಒಳ್ಳೆಯದು.

ಈ ಎತ್ತರದಿಂದಲೇ ಬೇಸಿಗೆಯಲ್ಲಿ ಬೆಂಕಿ ಇಳಿಯುತ್ತದೆ. ‘ಫಾಯೆಸ್’ ಎಂಬ ಈ ಹಬ್ಬಕ್ಕೆ ಊರವರು ಕತ್ತಲಾಗುತ್ತಲೇ ಬೆಟ್ಟದ ಮೇಲೆ ಸೇರಿ, ರಾಳ ಜಿನುಗುವ ಪೈನ್ ಮರದ ದೊಂದಿಗಳನ್ನು ಹೊತ್ತಿಸಿ, ಹೆಗಲಿಗೇರಿಸಿ ಸಾಲಾಗಿ ಊರಿಗೆ ಇಳಿಯುತ್ತಾರೆ. ಸ್ಪೇನ್, ಫ್ರಾನ್ಸ್, ಅಂಡೋರಾಗಳ ಪಿರಿನೀಸ್ ಊರುಗಳ ಈ ಅಗ್ನಿಹಬ್ಬಗಳಿಗೆ 2015ರಲ್ಲಿ ಯುನೆಸ್ಕೊ ಮನ್ನಣೆ ಸಿಕ್ಕಿತು. ಗೋಡೆಯ ಚಿತ್ರವನ್ನು ಸುಲಿದು ಒಯ್ಯಬಹುದಿತ್ತು, ಇದನ್ನು ಯಾರೂ ಒಯ್ಯಲಾರರು. ಹೊರುವ ಹೆಗಲುಗಳು ಊರಿನಲ್ಲೇ ಇರಬೇಕು. ಮೊದಲ ಬಾರಿಗೆ ದೊಂದಿ ಹೊತ್ತ ಹುಡುಗ ಹುಡುಗಿಯರನ್ನು ಅಂದಿನಿಂದ ದೊಡ್ಡವರೆಂದು ಎಣಿಸುತ್ತಾರೆ. ಜೂನ್ ಮಧ್ಯಕ್ಕೆ ಕಣಿವೆಯ ದುರ್ರೊ ಹಳ್ಳಿಯಲ್ಲಿ ಆರಂಭವಾಗಿ, ಊರಿಗೊಂದು ರಾತ್ರಿಯಂತೆ ಜುಲೈವರೆಗೂ ಸರದಿ ಸಾಗುತ್ತದೆ. ಬೊಯಿ ಕಣಿವೆಗೆ ಹೋಗುವವರು ಆ ದಿನಗಳನ್ನೇ ಆರಿಸಿಕೊಳ್ಳಲಿ.