ಬಾಡಿಗೆದಾರ ಉಳಿಯಬೇಕೇ? ಮೊದಲು ಮಾಳಿಗೆಗೆ ಸುಣ್ಣ ಬಳಿಯಿರಿ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬುದು ಹಳೆಯ ಗಾದೆ. ಇದಕ್ಕೆ ‘ಬಾಡಿಗೆಗೆ ಕೊಟ್ಟು ನೋಡು’ ಎಂದೂ ಸೇರಿಸಬಹುದು. ಸಾಲ ಮಾಡಿ ಕಟ್ಟಿಸಿದ ಎರಡು ಕೋಣೆಗಳಿಗೆ ತಿಂಗಳುಗಟ್ಟಲೆ ಬೀಗ ಬಿದ್ದರೆ ಮನೆಯೊಡೆಯನ ನಿದ್ದೆ ಕೆಡುತ್ತದೆ. ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ.

ವಿಜಯಪುರ ಜಿಲ್ಲೆಯ ಬಸವನಬಾಗೇವಾಡಿ ಸೀಮೆಯ ಮಸೂತಿಯಂಥ ಊರುಗಳಲ್ಲಿ ಒಂದು ಕಾಲಕ್ಕೆ ಬಾಡಿಗೆ ಮನೆಯ ಮಾತೇ ಅಪರೂಪವಾಗಿತ್ತು. ನೆರೆಯ ಕೂಡಗಿಯಲ್ಲಿ ತಲಾ 800 ಮೆಗಾವಾಟ್‌ನ ಮೂರು ಘಟಕಗಳ, ಒಟ್ಟು 2,400 ಮೆಗಾವಾಟ್‌ನ ಉಷ್ಣ ವಿದ್ಯುತ್ ಸ್ಥಾವರ ತಲೆಯೆತ್ತಿತು. 2018ರ ಹೊತ್ತಿಗೆ ಮೂರೂ ಘಟಕಗಳು ಸಿದ್ಧವಾದವು. ಇಂಥ ದೊಡ್ಡ ಕಾಮಗಾರಿ ನಡೆಯುವಾಗ ಪತ್ರಾಸಿನ ಕೋಣೆಗೂ ಗಿರಾಕಿ ಇರುತ್ತದೆ. ಮುಗಿದ ಮೇಲೆ ಕಟ್ಟುವ ಕೆಲಸದವರು ಮುಂದಿನ ಊರಿಗೆ ಹೋಗುತ್ತಾರೆ. ಉಳಿಯುವವರು ಖಾಯಂ ನೌಕರರು, ಗುತ್ತಿಗೆ ಕೆಲಸಗಾರರು, ಶಿಕ್ಷಕರು, ನರ್ಸುಗಳು. ಹೆಂಡತಿ ಮಕ್ಕಳೊಡನೆ ಇರುವ ಇವರು ನಾಲ್ಕು ಮನೆ ನೋಡಿ ಒಂದನ್ನು ಆರಿಸುತ್ತಾರೆ. ಸೇರದಿದ್ದರೆ ಪಟ್ಟಣದಲ್ಲಿದ್ದು ಬಸ್ಸಿನಲ್ಲಿ ಓಡಾಡುತ್ತಾರೆ.

ಒಂದು ಸಣ್ಣ ಲೆಕ್ಕ ನೋಡಿ. ತಿಂಗಳ ಬಾಡಿಗೆ 3,000 ರೂಪಾಯಿ ಎಂದಿಟ್ಟುಕೊಳ್ಳೋಣ. ಅದನ್ನು 200 ರೂಪಾಯಿ ಏರಿಸಿದರೆ ವರ್ಷಕ್ಕೆ ಬರುವ ಲಾಭ 2,400. ಅದೇ ಸಿಟ್ಟಿಗೆ ಬಾಡಿಗೆದಾರ ಬಿಟ್ಟುಹೋಗಿ ಮನೆ ಒಂದೇ ತಿಂಗಳು ಖಾಲಿ ಬಿದ್ದರೆ ನಷ್ಟ 3,000. ಇದ್ದವರನ್ನು ಉಳಿಸಿಕೊಳ್ಳಲು ನಾಲ್ಕು ಕಾಸು ಖರ್ಚು ಮಾಡುವುದೇ ಜಾಣತನ.

ಬಿಸಿಲಿಗೆ ಸುಣ್ಣವೇ ಮದ್ದು

ಏಪ್ರಿಲ್, ಮೇ ತಿಂಗಳಲ್ಲಿ ಈ ಸೀಮೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ಕಾಂಕ್ರೀಟ್ ಮಾಳಿಗೆ ಹಗಲೆಲ್ಲ ಶಾಖ ಹೀರಿಕೊಂಡು ರಾತ್ರಿ ಅದನ್ನು ಕೋಣೆಯೊಳಗೆ ಬಿಡುತ್ತದೆ. ಹಳೆಯ ಮಣ್ಣಿನ ಮಾಳಿಗೆಯ ತಂಪು ಇದಕ್ಕಿಲ್ಲ. ಪತ್ರಾಸಿನ ಪಾಡಂತೂ ಹೇಳುವುದೇ ಬೇಡ.

ಉಪಾಯ ಅಗ್ಗದ್ದು. ಬೇಸಿಗೆಗೆ ಮುನ್ನ ಮಾಳಿಗೆಯನ್ನು ಗುಡಿಸಿ ತೊಳೆದು, ಸ್ವಲ್ಪ ಅಂಟು ಬೆರೆಸಿದ ಸುಣ್ಣವನ್ನು ಎರಡು ಸಲ ಬಳಿಯಬೇಕು. ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಗಟ್ಟಿಯಾಗುತ್ತದೆ. ಬಿಳಿ ಮೇಲ್ಮೈ ಬಿಸಿಲಿನ ಹೆಚ್ಚಿನ ಪಾಲನ್ನು ಹಿಂದಕ್ಕೆ ಕಳಿಸುತ್ತದೆ. ಕೋಣೆಯ ಉಷ್ಣತೆ ಎರಡರಿಂದ ಐದು ಡಿಗ್ರಿವರೆಗೆ ಇಳಿಯಬಹುದು. ಮಳೆಗೆ ಕೊಚ್ಚಿಹೋಗುವುದರಿಂದ ವರ್ಷಕ್ಕೊಮ್ಮೆ ಮತ್ತೆ ಬಳಿಯಬೇಕು. ಅಹಮದಾಬಾದ್ ನಗರ 2017ರಲ್ಲಿ ಬಡವರ ಮನೆಗಳ ಮೇಲೆ ಇದನ್ನೇ ಮಾಡಿ ನೋಡಿತು. ತೆಲಂಗಾಣ ಸರ್ಕಾರ 2023ರಲ್ಲಿ ಇಂಥ ತಂಪು ಮಾಳಿಗೆಗೆಂದೇ ಒಂದು ನೀತಿ ತಂದಿತು.

ಬಿಸಿ ಗಾಳಿ ಮೇಲಕ್ಕೇರುತ್ತದೆಂಬುದು ಶಾಲೆಯ ಪಾಠ. ಹಳೆಯ ಮನೆಗಳ ಬೆಳಕಿಂಡಿ ಆ ಗಾಳಿಗೆ ದಾರಿ ಬಿಡುತ್ತಿತ್ತು. ಹೊಸ ಕೋಣೆಯ ಗೋಡೆಯ ಮೇಲ್ಭಾಗದಲ್ಲಿ ಜಾಳಿಗೆಯ ಕಿಂಡಿ ಬಿಟ್ಟು, ಕಿಟಕಿಗೆ ಸೊಳ್ಳೆ ಪರದೆ ಹೊಡೆದರೆ ರಾತ್ರಿ ಕಿಟಕಿ ತೆರೆದು ಮಲಗಬಹುದು. ಅಡುಗೆಮನೆಗೆ ಹೊಗೆ ಹೋಗುವ ಕಿಂಡಿ, ರೊಟ್ಟಿ ಬಡಿಯಲು ಅಗಲವಾದ ಕಟ್ಟೆ ಇದ್ದರೆ ಮನೆಯಾಕೆಯ ಒಪ್ಪಿಗೆ ಸಿಕ್ಕಂತೆಯೇ.

ಎರೆಭೂಮಿಯ ಆಟ

ಇಲ್ಲಿನ ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಬಚ್ಚಲಿನ ನೀರು ಅಡಿಪಾಯದ ಮಗ್ಗುಲಲ್ಲೇ ಇಂಗಿದರೆ ಗೋಡೆ ಸೀಳು ಬಿಡುತ್ತದೆ. ಎಷ್ಟು ಸಲ ಸಿಮೆಂಟು ಮೆತ್ತಿದರೂ ಬಿರುಕು ಮತ್ತೆ ಬಾಯಿ ತೆರೆಯುತ್ತದೆ. ಬಚ್ಚಲ ನೀರನ್ನು ಪೈಪಿನಲ್ಲಿ ದೂರ ಸಾಗಿಸಿ, ಗೋಡೆಯ ಸುತ್ತ ಹೊರಕ್ಕೆ ಇಳಿಜಾರಾಗಿ ಮೂರಡಿ ಸಿಮೆಂಟಿನ ಪಟ್ಟಿ ಹಾಕಿಸುವುದೇ ಸರಿಯಾದ ಚಿಕಿತ್ಸೆ. ಇದು ಬಾಡಿಗೆದಾರನಿಗಿಂತ ಮನೆಗೇ ಹೆಚ್ಚು ಹಿತ.

ಸೋರುವ ನಳಕ್ಕೆ ವಾಷರ್ ಹಾಕಿಸಲು ತಡ ಮಾಡಬಾರದು. ಸೆಕೆಂಡಿಗೆ ಒಂದೇ ಹನಿ ಬಿದ್ದರೂ ದಿನಕ್ಕೆ 86,400 ಹನಿ. ಟಾಕಿಗೆ ಬಿಗಿಯಾದ ಮುಚ್ಚಳವಿರಲಿ. ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಂದ ಹಾರುವ ಹಂತಕ್ಕೆ ಬರಲು ವಾರ, ಹತ್ತು ದಿನ ಸಾಕು.

ಮೀಟರ್ ಬೇರೆ, ಜಗಳ ದೂರ

ಒಂದೇ ಮೀಟರಿನ ಬಿಲ್ಲನ್ನು ಮೂರು ಸಂಸಾರ ಹಂಚಿಕೊಂಡಲ್ಲಿ ಮನಸ್ತಾಪ ತಪ್ಪಿದ್ದಲ್ಲ. 2023ರ ಆಗಸ್ಟ್‌ನಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆ ಬಾಡಿಗೆದಾರರಿಗೂ ಅನ್ವಯಿಸುತ್ತದೆ. ಆದರೆ ಲೆಕ್ಕ ನಡೆಯುವುದು ಮೀಟರಿನ ಮೇಲೆ. ಮೂರು ಸಂಸಾರದ ಬಳಕೆ ಒಂದೇ ಮೀಟರಿನಲ್ಲಿ ಕೂಡಿ 200 ಯೂನಿಟ್ ದಾಟಿದರೆ ಸೌಲಭ್ಯ ಮೂವರಿಗೂ ತಪ್ಪುತ್ತದೆ. ಪ್ರತಿ ಮನೆಗೂ ಹೆಸ್ಕಾಂನಿಂದ ಪ್ರತ್ಯೇಕ ಮೀಟರ್ ಹಾಕಿಸುವುದು ಒಮ್ಮೆ ಮಾಡುವ ಖರ್ಚು, ತಿಂಗಳು ತಿಂಗಳೂ ಕಾಣುವ ಅನುಕೂಲ.

ಜೊತೆಗೆ 30 ಮಿಲಿಆಂಪಿಯರ್‌ನ ಸೋರಿಕೆ ತಡೆಯುವ ಸ್ವಿಚ್ ಕೂಡಿಸಿದರೆ ಮಕ್ಕಳಿಗೆ ಶಾಕ್ ಹೊಡೆದರೂ ಕ್ಷಣದಲ್ಲಿ ವಿದ್ಯುತ್ ಕಡಿಯುತ್ತದೆ. ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿ ಒಣಗಿ ಕೆಲಸಕ್ಕೆ ಬಾರದಂತಾಗಬಹುದು. ಆಗಾಗ ನಾಲ್ಕು ಕೊಡ ನೀರು ಸುರಿಯಬೇಕು.

ಬಿಡಿಗಾಸಿನ ಖರ್ಚಿಲ್ಲದ ಸುಧಾರಣೆಗಳೂ ಇವೆ. ಕರಾರು ಬರೆದುಕೊಳ್ಳುವುದು, ಬಾಡಿಗೆಗೆ ರಸೀದಿ ಕೊಡುವುದು, ಡಿಪಾಜಿಟ್ಟನ್ನು ತಕರಾರಿಲ್ಲದೆ ಹಿಂದಿರುಗಿಸುವುದು, ಹೇಳದೆ ಕೇಳದೆ ಒಳಗೆ ನುಗ್ಗದಿರುವುದು. ವರ್ಷ ಮೀರಿದ ಅವಧಿಯ ಕರಾರನ್ನು 1908ರ ಕಾಯ್ದೆಯಂತೆ ನೋಂದಣಿ ಮಾಡಿಸಬೇಕು. ಬಂದವರ ಜಾತಿ, ಊಟ ವಿಚಾರಿಸುತ್ತ ಕುಳಿತರೆ ಒಳ್ಳೆಯ ಬಾಡಿಗೆದಾರ ಪಕ್ಕದ ಮನೆಯ ಬೀಗದ ಕೈ ಹಿಡಿದಿರುತ್ತಾನೆ. ಬಸವಣ್ಣನವರು ಹುಟ್ಟಿದ ಸೀಮೆಯಲ್ಲಿ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎಲ್ಲವನ್ನೂ ಒಂದೇ ವರ್ಷ ಮಾಡಬೇಕೆಂದಿಲ್ಲ. ಈ ಬೇಸಿಗೆಗೆ ಸುಣ್ಣ, ಮಳೆಗಾಲಕ್ಕೆ ಮುನ್ನ ಬಚ್ಚಲ ಪೈಪು, ದೀಪಾವಳಿಗೆ ಮೀಟರು. ವರ್ಷಕ್ಕೆ ಒಂದು ತಿಂಗಳ ಬಾಡಿಗೆಯನ್ನು ಮನೆಗೇ ಮೀಸಲಿಟ್ಟರೆ ಉಳಿದ ಹನ್ನೊಂದು ತಿಂಗಳ ಬಾಡಿಗೆ ತಪ್ಪದೆ ಕೈಸೇರುವ ಭರವಸೆ ಇರುತ್ತದೆ.